ನಲವತ್ತೊಂದು ಬೆನ್ನುನೋವು

ಫೆಬ್ರವರಿ 10

ತಮ್ಮಾ,

ಫೋನಿನಲ್ಲಾದರೆ ನೀನು ‘ಹೂಂ, ಹೂಂ’ ಅಂದು ಎರಡು ನಿಮಿಷದಲ್ಲಿ ನನ್ನನ್ನು ಸಾಗಹಾಕುತ್ತೀಯ. ಕಾಗದಕ್ಕೆ ಹೂಂಗುಟ್ಟಿದರೆ ಸಾಲದು, ಉತ್ತರ ಬರೆಯಬೇಕು. ಅದಕ್ಕೇ ನಾನು ಈ ಹಳೇ ಚಾಳಿ ಬಿಟ್ಟಿಲ್ಲ.

ರಾಜಧಾನಿಯಲ್ಲಿ ಕೂತು ನೀವು ಬರೆದ ಟ್ಯಾಕ್ಸಿ ನಿಯಮ ಕೊನೆಗೂ ನಮ್ಮ ಊರು ತಲುಪಿತು. ಗಾಲಿಕುರ್ಚಿ ಹತ್ತುವ ರ‍್ಯಾಂಪ್ ಇಲ್ಲದ ಗಾಡಿಗೆ ಇನ್ನು ಹೊಸ ಲೈಸೆನ್ಸ್ ಇಲ್ಲವಂತೆ. ರ‍್ಯಾಂಪ್ ಇದ್ದರೆ ರೈಲ್ವೆ ಸ್ಟೇಷನ್ನಿನ ಬಾಗಿಲೆದುರಿನ ಸಾಲಿನಲ್ಲೇ ಜಾಗವಂತೆ. ಆ ಸಾಲಿಗಾಗಿ ಇಲ್ಲಿಯ ಟ್ಯಾಕ್ಸಿಯವರು ಹೆತ್ತ ತಾಯಿಯನ್ನೂ ಮಾರಿಯಾರು. ಹಾಗಾಗಿ ಎಲ್ಲರೂ ನಾಮುಂದು ತಾಮುಂದು ಎಂದು ರ‍್ಯಾಂಪ್ ಹಾಕಿಸುತ್ತಿದ್ದಾರೆ.

ಗಾಡಿಯನ್ನು ಗಾಲಿಕುರ್ಚಿಯಲ್ಲಿ ಕುಳಿತ ವ್ಯಕ್ತಿಯೊಂದಿಗೇ ಪರೀಕ್ಷಿಸಬೇಕು ಅಂತ ಬರೆದಿದ್ದೀರಲ್ಲ, ಆ ವ್ಯಕ್ತಿ ಯಾರು ಗೊತ್ತೇ? ನಿನ್ನ ಅಕ್ಕ. ಲೈಸೆನ್ಸ್ ಕಚೇರಿಯ ಇನ್ಸ್‌ಪೆಕ್ಟರ್ ಮಾರುಕಟ್ಟೆಗೆ ಬಂದು, ನನ್ನ ಗುಂಡಿ-ಜಿಪ್ಪಿನ ಅಂಗಡಿ ಮುಂದೆ ನಿಂತು, ಒಂದು ಡಜನ್ ಅಂಗಿ ಗುಂಡಿ ಕೊಂಡು, ಆಮೇಲೆ ತಲೆ ಕೆರೆದುಕೊಂಡು ಕೇಳಿದರು: “ಅಮ್ಮ, ಸೋಮವಾರ ಮಾರ್ಕೆಟ್ಟಿಗೆ ರಜ ಅಲ್ವಾ? ಸ್ವಲ್ಪ ಬಂದು ಕೂತ್ಕೊಂಡು ಹೋಗ್ತೀರಾ?” ನಾನು ಬೆಳಗ್ಗೆಯಿಂದ ಸಂಜೆವರೆಗೆ ಕೂತೇ ಇರುವವಳು. ಎಲ್ಲಿ ಕೂತರೇನು ಅಂದೆ.

ನಿನ್ನೆಗೆ ಮೂವತ್ತೈದು ಗಾಡಿ ಹತ್ತಿ ಇಳಿದೆ. ಏನು ಮರ್ಯಾದೆ ಅಂತೀಯ! ಮನೆ ಬಾಗಿಲಿಗೆ ಬಂದು ಕರೆದುಕೊಂಡು ಹೋದರು. ಒಬ್ಬ ನನ್ನ ಚಪ್ಪಲಿಯ ಧೂಳನ್ನೂ ಒರೆಸಿದ. ನಾಲ್ಕು ಬೆಲ್ಟನ್ನೂ ಎಳೆದು ಎಳೆದು ನೋಡಿ, “ಅಮ್ಮಾ, ಬಿಗಿ ಆಯ್ತಾ? ನೋವಾಗ್ತಿಲ್ಲ ತಾನೇ?” ಅಂತ ಕೇಳಿದರು. ಮದುಮಗಳಿಗೂ ಇಷ್ಟು ಉಪಚಾರ ಇರಲಿಕ್ಕಿಲ್ಲ.

ನನಗಿದು ಎಷ್ಟು ಬೇಕಿತ್ತು ಅಂತ ನಿನಗೆ ಗೊತ್ತು. ಹನ್ನೊಂದು ವರ್ಷ ನನ್ನನ್ನು ಅಂಗಡಿಗೆ ಬಿಟ್ಟು ತಂದ ವ್ಯಾನಿನ ಮಾವ ಹೋದ ತಿಂಗಳ ಕೊನೆಗೆ ಗಾಡಿ ಮಾರಿ ಮಗಳ ಮನೆ ಸೇರಿದರು. ಈ ಬ್ಯಾಟರಿ ಕುರ್ಚಿ ಮಾಮೂಲಿ ಕಾರಿನೊಳಗೆ ಹೋಗುವುದಿಲ್ಲ, ಇದನ್ನು ಬಿಟ್ಟು ನಾನು ಕೂರುವ ಹಾಗಿಲ್ಲ. ಅಂಗಡಿ ಅಂಗವಿಕಲರ ಕೋಟಾದ್ದು. ಆಳನ್ನು ಕೂರಿಸುವ ಹಾಗಿಲ್ಲ, ಬೆಳಗ್ಗೆ ಹತ್ತರೊಳಗೆ ಮಾರುಕಟ್ಟೆಯ ಹಾಜರಿ ಪುಸ್ತಕದಲ್ಲಿ ನನ್ನದೇ ಸಹಿ ಬೀಳಬೇಕು. ವರ್ಷದಲ್ಲಿ ಮೂವತ್ತು ಗೈರುಹಾಜರಿ ಆಯಿತೋ, ಅಂಗಡಿ ಬೇರೆಯವರಿಗೆ. ಈಗಾಗಲೇ ಒಂಬತ್ತು ದಿನ ಹೋಗಿದೆ. ಇನ್ನು ಹೋಗುವುದಿಲ್ಲ ಬಿಡು.

ನಿನ್ನ ಹೆಂಡತಿಗೂ ಮಕ್ಕಳಿಗೂ ಕೇಳಿದೆನೆಂದು ಹೇಳು.

ನಿನ್ನ ಅಕ್ಕ


ಫೆಬ್ರವರಿ 24

ಅಕ್ಕಾ,

ನಿನ್ನ ಕಾಗದ ಓದಿ ತುಂಬ ಸಂತೋಷವಾಯಿತು. ಕಚೇರಿಯಲ್ಲಿ ಇಬ್ಬರಿಗೆ ಓದಿಯೂ ಹೇಳಿದೆ. ಆ ಕರಡು ಹದಿನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ಅಲೆದಿತ್ತು. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದವಳು ನೀನೇ.

ಹೊಸ ನಿಯಮ ಅಂದಮೇಲೆ ಮೊದಮೊದಲು ಸಣ್ಣಪುಟ್ಟ ತೊಡಕು ಇರುತ್ತದೆ. ಒಂದೆರಡು ವಿನಾಯಿತಿಗಳೂ ಇವೆ, ಯಾವ ನಿಯಮಕ್ಕೂ ಇರುವಂಥವೇ. ತಲೆ ಕೆಡಿಸಿಕೊಳ್ಳಬೇಡ.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕಚೇರಿಯ ಕುರ್ಚಿ ಸರಿಯಿಲ್ಲ, ಈಚೆಗೆ ನಿಂತೇ ಬರೆಯುತ್ತೇನೆ.

ತಮ್ಮ


ಏಪ್ರಿಲ್ 18

ತಮ್ಮಾ,

ಸಣ್ಣಪುಟ್ಟ ತೊಡಕು ಅಂದೆಯಲ್ಲ, ಕೇಳು.

ಮೊದಲ ಎರಡು ವಾರ ಕರೆದರೆ ಟ್ಯಾಕ್ಸಿ ಬಂತು. ಮೂರನೆಯ ವಾರ ಒಬ್ಬ ಬಂದ, ನನ್ನನ್ನೂ ಕುರ್ಚಿಯನ್ನೂ ನೋಡಿದ, ಕನ್ನಡಿಗೆ ನೇತುಹಾಕಿದ್ದ ನೀಲಿ ಚೀಟಿ ತೋರಿಸಿದ. ‘ಈ ಚಾಲಕರಿಗೆ ಬೆನ್ನುನೋವು ಇರುವುದರಿಂದ ಗಾಲಿಕುರ್ಚಿಯ ಪ್ರಯಾಣಿಕರಿಗೆ ನೆರವಾಗುವುದರಿಂದ ವಿನಾಯಿತಿ ನೀಡಲಾಗಿದೆ.’ ಕೆಳಗೆ ಸೀಲು, ಸಹಿ. ನನ್ನ ಚಪ್ಪಲಿ ಒರೆಸಿದವನು ಇವನೇ, ತಮ್ಮಾ. ಅಯ್ಯೋ ಪಾಪ ಅನಿಸಿತು. “ಹೋಗಿ ಮಲಗಪ್ಪ, ಬಿಸಿನೀರಿನ ಶಾಖ ಕೊಡು” ಅಂದೆ.

ಮಾರನೆಯ ದಿನ ಬಂದವನಿಗೂ ಬೆನ್ನುನೋವು. ಅದರ ಮಾರನೆಯ ದಿನದವನಿಗೂ. ಅಂಗಡಿಯಲ್ಲಿ ಬಿಲ್ಲಿನ ಹಿಂಬದಿಗೆ ಗಾಡಿ ನಂಬರು ಬರೆದಿಡುವ ಅಭ್ಯಾಸ ನನಗೆ. ನಾನು ಪರೀಕ್ಷೆಗೆ ಹತ್ತಿ ಇಳಿದ ಮೂವತ್ತೈದರಲ್ಲಿ ಇಪ್ಪತ್ತೆಂಟು ಗಾಡಿಯಲ್ಲಿ ಇವತ್ತು ನೀಲಿ ಚೀಟಿ ಇದೆ. ಇಪ್ಪತ್ತೆಂಟಕ್ಕೂ ಒಬ್ಬನೇ ಡಾಕ್ಟರು. ಸ್ಟೇಷನ್ನಿನ ಹಿಂದೆ ಅವನ ಕ್ಲಿನಿಕ್ಕು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಮೊನ್ನೆ ಮಾರುಕಟ್ಟೆ ಎದುರಿಗೆ ನಮ್ಮ ಚಪ್ಪಲಿ ಒರೆಸಿದವನು ಒಂದು ಫ್ರಿಜ್ಜನ್ನು ಒಬ್ಬನೇ ತಬ್ಬಿಕೊಂಡು ಡಿಕ್ಕಿಯೊಳಗೆ ಇಡುತ್ತಿದ್ದ. ನಾನು ಪಕ್ಕದಲ್ಲೇ ಕುರ್ಚಿ ನಿಲ್ಲಿಸಿ, “ಬೆನ್ನು ಹೇಗಿದೆಯಪ್ಪ?” ಅಂದೆ.

“ಏನೋ ಹೀಗಿದೆ ಅಮ್ಮ. ಒಂದೊಂದ್ ದಿನ ಒಂದೊಂದ್ ಥರ.”

“ಫ್ರಿಜ್ಜು ಬಂದ ದಿನ ಚೆನ್ನಾಗಿರತ್ತೆ, ನಾನು ಬಂದ ದಿನ ಹಿಡ್ಕೊಳ್ಳತ್ತೆ, ಅಲ್ವಾ?”

“ನೀವು ಹಾಗಂದ್ರೆ ಹೆಂಗಮ್ಮ? ಫ್ರಿಜ್ಜಿಗೆ ಬೆಲ್ಟ್ ಹಾಕೋ ಕಷ್ಟ ಇಲ್ಲ. ಬಿದ್ರೆ ಕೇಸೂ ಹಾಕಲ್ಲ.” ಸುತ್ತ ನಿಂತವರೆಲ್ಲ ನಕ್ಕರು. ಅವನೂ ನಕ್ಕ. ಹಲ್ಲು ಬಿಳಿ ಇದ್ದವು. ನನಗೆ ಬಾಯಲ್ಲಿ ಉಗುಳು ಕಹಿಯಾಯಿತು.

ಗೈರುಹಾಜರಿ ಹದಿನೇಳಾಗಿದೆ. ಉಳಿದ ದಿನ ನನ್ನನ್ನು ದಾಟಿಸುತ್ತಿರುವವನು ನಮ್ಮ ಬೀದಿಯ ಗುಜರಿಯವನು. ಟೆಂಪೋಗೆ ಎರಡು ಹಲಗೆ ಒರಗಿಸಿ ಕುರ್ಚಿ ಹತ್ತಿಸುತ್ತಾನೆ. ಹಳೇ ಬ್ಯಾಟರಿ, ಮುರಿದ ಫ್ಯಾನು, ಪಕ್ಕದಲ್ಲಿ ನಾನು. ತುಕ್ಕಿನ ವಾಸನೆ ಸೆರಗಿನಿಂದ ಹೋಗುವುದೇ ಇಲ್ಲ. ಆದರೂ ಅವನಿಗೆ ಬೆನ್ನಿದೆ.

ಈ ಬೆನ್ನುನೋವಿನ ವಿನಾಯಿತಿ ಬರೆದ ಪುಣ್ಯಾತ್ಮ ಯಾರು ಅಂತ ವಿಚಾರಿಸು. ನೀನಿರುವುದು ಅದೇ ಕಚೇರಿಯಲ್ಲಿ.

ಅಕ್ಕ


ಏಪ್ರಿಲ್ 29

ಅಕ್ಕಾ,

ದೂರು ಕೊಡುವುದಕ್ಕೆ ಸ್ಥಳೀಯ ಲೈಸೆನ್ಸ್ ಕಚೇರಿಯಲ್ಲಿ ಒಂದು ನಮೂನೆ ಇರುತ್ತದೆ. ಭರ್ತಿ ಮಾಡಿ ಕೊಡು. ಅದು ಕ್ರಮವಾಗಿ ಇಲ್ಲಿಗೆ ಬರುತ್ತದೆ.

ಒಂದು ಮಾತು. ಬೆನ್ನುನೋವನ್ನು ತಮಾಷೆ ಮಾಡಬೇಡ. ಅದು ಹೊರಗೆ ಕಾಣುವ ರೋಗವಲ್ಲ. ಒಂದು ಭಾರ ಎತ್ತಿದವನು ಇನ್ನೊಂದನ್ನೂ ಎತ್ತಬಲ್ಲ ಎಂದೇನಿಲ್ಲ. ಎಲ್ಲರೂ ಸುಳ್ಳರಲ್ಲ.

ಕೆಲಸ ಜಾಸ್ತಿ. ಇಲ್ಲಿಗೆ ನಿಲ್ಲಿಸುತ್ತೇನೆ.

ತಮ್ಮ


ಮೇ 16

ತಮ್ಮಾ,

ಹೋದ ಸೋಮವಾರ ಇನ್ನೂ ಆರು ಗಾಡಿಯ ಪರೀಕ್ಷೆ ಇತ್ತು. ಇನ್ಸ್‌ಪೆಕ್ಟರ್ ಹೇಳಿ ಕಳಿಸಿದರು. ಹೋಗಬಾರದಿತ್ತು, ಹೋದೆ. ನಿನ್ನ ನಮೂನೆ ಭರ್ತಿ ಮಾಡಿ ಕೈಯಲ್ಲೇ ಕೊಟ್ಟುಬಿಡೋಣ ಅಂತ.

ಆರನೆಯವನು ಇನ್ನೂ ನನ್ನ ಬೆಲ್ಟು ಬಿಚ್ಚಿರಲಿಲ್ಲ, ಕಿಟಕಿಯಿಂದಲೇ ತನ್ನ ಅರ್ಜಿ ಕೊಟ್ಟ. ಗುಂಡುಸೂಜಿಯಲ್ಲಿ ಚುಚ್ಚಿದ ಎರಡು ಕಾಗದ. ಮೇಲಿನದರಲ್ಲಿ, ಗಾಲಿಕುರ್ಚಿಯವರನ್ನು ಹತ್ತಿಸಿ ಇಳಿಸಲು ನಾನು ಸಮರ್ಥ ಅಂತ. ಕೆಳಗಿನದರಲ್ಲಿ, ಎರಡು ವರ್ಷದಿಂದ ಬೆನ್ನುನೋವು, ಅಸಮರ್ಥ ಅಂತ. ಇನ್ಸ್‌ಪೆಕ್ಟರ್ ಮೇಲಿನದಕ್ಕೆ ಒಂದು ಸೀಲು ಒತ್ತಿದರು, ಹಾಳೆ ಮಗುಚಿ ಕೆಳಗಿನದಕ್ಕೂ ಒಂದು ಒತ್ತಿದರು. ಇಂಕು ಕೂಡ ಆರಿರಲಿಲ್ಲ.

“ಏನ್ ಸಾರ್ ಇದು?” ಅಂದೆ, ಗಾಡಿಯೊಳಗಿನಿಂದಲೇ.

“ಎರಡಕ್ಕೂ ಬೇರೆ ಬೇರೆ ರಿಜಿಸ್ಟರ್ ಅಮ್ಮ.”

“ಮನುಷ್ಯ ಒಬ್ಬನೇ ಅಲ್ವಾ?”

“ಮನುಷ್ಯನ್ನ ನೋಡಿ ನಾವ್ ಸೀಲ್ ಹಾಕಲ್ಲ, ಕಾಗದ ನೋಡಿ ಹಾಕ್ತೀವಿ. ನನ್ ಮೇಲೆ ಯಾಕ್ ರೇಗ್ತೀರಿ? ಬರೆದವ್ರನ್ನ ಕೇಳಿ.” ಅಂದು, ನನ್ನ ಬಾಯಿ ಮುಚ್ಚಿಸಲೆಂದೇ ಕಚೇರಿಯ ಕಪಾಟಿನಿಂದ ಫೈಲು ತಂದು ನನ್ನ ತೊಡೆಯ ಮೇಲೆ ಹಾಕಿದರು. ನಿಯಮದ ಕರಡಿನ ನಕಲು. ಟೈಪು ಮಾಡಿದ ಹಾಳೆಯ ಅಂಚಿನಲ್ಲಿ ಒಂದೇ ಒಂದು ಉಪನಿಯಮ ಕೈಬರಹದಲ್ಲಿತ್ತು. ಬೆನ್ನುನೋವಿನದು. ನಿನಗೆ ಅಕ್ಷರ ತಿದ್ದಿಸಿದವಳು ನಾನು. ನಿನ್ನ ‘ನ’ದ ಬಾಲ ಈ ಜನ್ಮದಲ್ಲಿ ನನಗೆ ಗುರುತು ತಪ್ಪುವುದಿಲ್ಲ.

ವಿಚಾರಿಸು ಅಂತ ನಿನಗೇ ಬರೆದಿದ್ದೆನಲ್ಲ. ಓದಿ ನಕ್ಕೆಯಾ? ಎಲ್ಲರೂ ಸುಳ್ಳರಲ್ಲ ಅಂತ ನನಗೆ ಬುದ್ಧಿ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ನೀನೇ ಹೆಗಲು ಮುಟ್ಟಿ ನೋಡಿಕೊಂಡೆ. ಟ್ಯಾಕ್ಸಿ ಸಂಘದವರು ಏನು ಕೊಟ್ಟರು? ಕೇಳಲೂ ಅಸಹ್ಯ, ಹೇಳಬೇಡ.

ಇನ್ನೊಂದು. ಗುಜರಿಯವನನ್ನು ಮೊನ್ನೆ ಸೇತುವೆ ಹತ್ತಿರ ಹಿಡಿದರು. ಲೈಸೆನ್ಸ್ ಇಲ್ಲದೆ ಪ್ರಯಾಣಿಕರನ್ನು ಸಾಗಿಸಿದ ತಪ್ಪಿಗೆ ಟೆಂಪೋ ಜಪ್ತಿ ಮಾಡಿದ್ದಾರೆ. ನಿಮ್ಮದೇ ನಿಯಮ, ಹನ್ನೆರಡನೆಯ ಕಲಮು. ಮೊದಲು ಉಳಿದಿದ್ದ ಏಳು ಜನರಿಗೂ, ಈ ಆರು ಜನರಿಗೂ ಈಗ ನೀಲಿ ಚೀಟಿ ಸಿಕ್ಕಿದೆ. ನಲವತ್ತೊಂದು ಲೈಸೆನ್ಸ್, ನಲವತ್ತೊಂದು ಬೆನ್ನುನೋವು. ಒಂದು ನೆಟ್ಟಗಿನ ಬೆನ್ನಿತ್ತು, ಅದಕ್ಕೆ ದಂಡ.

ಗೈರುಹಾಜರಿ ಇಪ್ಪತ್ನಾಲ್ಕು. ಇನ್ನು ನಿನಗೆ ಬರೆಯುವುದಿಲ್ಲ.


ಜೂನ್ 6

ಅಕ್ಕಾ,

ಮೂರು ವಾರದಲ್ಲಿ ನಾಲ್ಕು ಸಲ ಈ ಕಾಗದ ಬರೆದು ಹರಿದೆ.

ಯಾರೂ ನನಗೆ ಏನೂ ಕೊಟ್ಟಿಲ್ಲ. ಟ್ಯಾಕ್ಸಿ ಸಂಘದವರನ್ನು ನಾನು ಕಂಡೂ ಇಲ್ಲ. ಆ ಸಾಲು ನನ್ನದೇ. ಸಮಿತಿ ಎಲ್ಲ ಮುಗಿಸಿ ಎದ್ದಮೇಲೆ ಅಂಚಿನಲ್ಲಿ ಸೇರಿಸಿದೆ. ದೊಡ್ಡವರು ಓದದೆ ಸಹಿ ಹಾಕಿದರು.

ನನ್ನ ಬೆನ್ನು ಹೋಗಿ ಒಂಬತ್ತು ವರ್ಷವಾಯಿತು. ಎರಡು ಕಡೆ ಮೂಳೆಯ ನಡುವಿನ ಬಿಲ್ಲೆ ಜಾರಿದೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಕಚೇರಿಗೆ ಹೋಗುತ್ತೇನೆ, ಅರ್ಧ ಗಂಟೆಗಿಂತ ಹೆಚ್ಚು ಕೂರಲಾರೆ. ಚಿಕ್ಕ ವಯಸ್ಸಿನಲ್ಲಿ ಭಾರ ಹೊತ್ತಿದ್ದಿರಾ ಅಂತ ಡಾಕ್ಟರು ಕೇಳಿದರು. ಇಲ್ಲ ಅಂದೆ. ನಿನಗೆ ಹೇಳಿದ್ದರೆ ನೀನು ಹೈಸ್ಕೂಲಿನ ಮೆಟ್ಟಿಲನ್ನೆಲ್ಲ ಲೆಕ್ಕ ಹಾಕುತ್ತಾ ಕೂರುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ನಿಯಮ ಬರೆಯುವಾಗ ಯೋಚನೆ ಬಂತು. ನನ್ನಂಥವನೊಬ್ಬ ಟ್ಯಾಕ್ಸಿ ಓಡಿಸುತ್ತಿದ್ದರೆ? ಬೆನ್ನು ಮುರಿದವನಿಗೆ ನಿನ್ನನ್ನು ಎತ್ತು ಅಂದರೆ ಅವನ ಗತಿ ಏನು? ಅಷ್ಟೇ ಯೋಚಿಸಿದೆ.

ಈಗ ಅದನ್ನು ತೆಗೆಸಬೇಕಾದರೆ, ಹೇಗೆ ಸೇರಿತು ಅನ್ನುವುದನ್ನೂ ನಾನೇ ಬರೆದು ಕೊಡಬೇಕು. ಜುಲೈಯಲ್ಲಿ ಬಡ್ತಿಯ ಪಟ್ಟಿ ಇದೆ. ಅದು ಮುಗಿಯಲಿ. ಅಲ್ಲಿಯವರೆಗೆ ನಾನು ರಜೆ ಹಾಕಿ ಬರುತ್ತೇನೆ. ಗುಜರಿಯವನ ಹಲಗೆ ಇದ್ದರೆ ಸಾಕು, ಬೇರೆ ಗಾಡಿಗೆ ನಾನೇ ಹತ್ತಿಸಿ ಇಳಿಸುತ್ತೇನೆ. ಮೊದಲಿನ ಹಾಗೆ.

ತಮ್ಮ


ಜೂನ್ 20

ತಮ್ಮಾ,

ಲೆಕ್ಕ ಹಾಕಿದೆ. ಹಾಕದೆ ಇರುತ್ತೇನೆಯೇ? ನಲವತ್ತಾರು ಮೆಟ್ಟಿಲು, ನನ್ನನ್ನು ಹೊತ್ತು ದಿನಕ್ಕೆ ಒಂದು ಸಲ ಹತ್ತಿ ಒಂದು ಸಲ ಇಳಿಯುವುದು, ನಾಲ್ಕು ವರ್ಷ. ನಿನ್ನ ಕುತ್ತಿಗೆಯ ಬೆವರಿನ ವಾಸನೆ ಇವತ್ತಿಗೂ ನನಗೆ ನೆನಪಿದೆ. ಆಗ ನಿನಗೆ ಮೀಸೆ ಕೂಡ ಬಂದಿರಲಿಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಸಂಘದವರು ಏನು ಕೊಟ್ಟರು ಅಂತ ಕೇಳಿದ್ದಕ್ಕೆ ನನ್ನ ನಾಲಿಗೆಗೆ ನಾನೇ ಬೈದುಕೊಂಡೆ. ಅಷ್ಟು ಸಾಕು. ಅಳುವುದಕ್ಕೆ ಈಗ ಪುರುಸೊತ್ತಿಲ್ಲ.

ನಿನ್ನ ಕಾಗದದ ಒಂದು ಮಾತು ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿದೆ. ‘ನಿನ್ನನ್ನು ಎತ್ತು ಅಂದರೆ.’ ಯಾರು ಎತ್ತಬೇಕು, ತಮ್ಮಾ? ನನ್ನನ್ನು ಯಾರೂ ಎತ್ತದೆ ಹದಿನೈದು ವರ್ಷವಾಯಿತು. ಇದು ಬ್ಯಾಟರಿ ಕುರ್ಚಿ. ಗುಂಡಿ ಒತ್ತಿದರೆ ರ‍್ಯಾಂಪಿನ ಮೇಲೆ ತಾನೇ ಏರುತ್ತದೆ. ಹಲಗೆ ಇಳಿಸುವುದು ಒಂದು ಕೈಯ ಕೆಲಸ, ನಾಲ್ಕು ಬೆಲ್ಟಿನ ಕೊಕ್ಕೆ ಹಾಕುವುದು ಎರಡು ಕೈಯ ಕೆಲಸ. ಬೆನ್ನಿಗೆ ಇದರಲ್ಲಿ ಪಾತ್ರವೇ ಇಲ್ಲ. ಪರೀಕ್ಷೆಯ ದಿನ ಆ ಗಂಡಸರು ಹಿಂದಿನಿಂದ ಕುರ್ಚಿ ತಳ್ಳಿದ್ದು ಇನ್ಸ್‌ಪೆಕ್ಟರಿಗೆ ತೋರಿಸಲಿಕ್ಕೆ. ಓಡುವ ಬಸ್ಸನ್ನು ತಳ್ಳಿದ ಹಾಗೆ.

ಇಲ್ಲದ ಕೆಲಸಕ್ಕೆ ವಿನಾಯಿತಿ ಬರೆದೆಯಲ್ಲೋ! ಹದಿನಾಲ್ಕು ತಿಂಗಳು ನಿನ್ನ ಕಣ್ಣ ಮುಂದೆ ಇದ್ದವಳು ನಾನಲ್ಲ, ಹೈಸ್ಕೂಲಿನ ಹುಡುಗಿ. ಅವಳು ಇನ್ನೂ ನಿನ್ನ ಬೆನ್ನ ಮೇಲೇ ಕೂತಿದ್ದಾಳೆ. ನಿನ್ನ ಅನುಕಂಪವನ್ನು ಆ ನಲವತ್ತೊಂದು ಜನ ಹಂಚಿಕೊಂಡು ತಿಂದರು. ಅವರ ಮೇಲೆ ನನಗಿರುವ ಹೇಸಿಗೆಯಲ್ಲಿ ನಿನಗೂ ಒಂದು ಪಾಲಿದೆ. ತಪ್ಪು ತಿಳಿಯಬೇಡ, ಸಣ್ಣ ಪಾಲು.

ಗೈರುಹಾಜರಿ ಇಪ್ಪತ್ತೊಂಬತ್ತು. ಇನ್ನೊಂದಾದರೆ ಮುಗಿಯಿತು. ಒಂದು ತಿಂಗಳಿಂದ ಕುರ್ಚಿಯಲ್ಲೇ ರಸ್ತೆಗಿಳಿದಿದ್ದೇನೆ. ನಾಲ್ಕು ಕಿಲೋಮೀಟರು, ಒಂದೂಕಾಲು ಗಂಟೆ. ಸೇತುವೆಗೆ ಫುಟ್‌ಪಾತಿಲ್ಲ, ಲಾರಿಗಳ ಸಾಲಿನಲ್ಲೇ ಹೋಗಬೇಕು. ಹಿಂದೆ ಹಾರನ್ನೋ ಹಾರನ್ನು. ನಿನ್ನೆ ನೀಲಿ ಚೀಟಿಯವನೊಬ್ಬ ಗಾಜು ಇಳಿಸಿ, “ಅಮ್ಮಾ, ಇದೆಲ್ಲ ಡೇಂಜರ್, ಟ್ಯಾಕ್ಸಿ ಮಾಡ್ಕೋಬಾರ್ದಾ?” ಅಂದ. ಅವನ ಮುಖಕ್ಕೆ ಉಗಿಯಬೇಕು ಅನಿಸಿತು. ಗಾಳಿ ಎದುರಿನಿಂದ ಬೀಸುತ್ತಿತ್ತು, ಬಿಟ್ಟೆ. ಹಾಜರಿಗೆ ಸಹಿ ಹಾಕಿದಾಗ ಹತ್ತಕ್ಕೆ ಏಳು ನಿಮಿಷ ಇತ್ತು.

ನೀನು ರಜೆ ಹಾಕಿ ಬರಬೇಡ. ನನಗೆ ನಿನ್ನ ಬೆನ್ನು ಬೇಡ. ಬಡ್ತಿ ಮುಗಿಯಲಿ ಅಂತ ಕಾಯುವುದಾದರೆ ಕಾಯಿ, ನಾನು ದಿನಾ ಸೇತುವೆ ದಾಟುತ್ತಿರುತ್ತೇನೆ.

ಕಾಯುವುದಿಲ್ಲ ಅನ್ನುವುದಾದರೆ ಒಂದು ಉಪಾಯ. ವಿನಾಯಿತಿ ತೆಗೆಯಬೇಡ. ತೆಗೆದರೆ ಕೋರ್ಟು, ಮುಷ್ಕರ ಅಂತ ವರ್ಷ ಕಳೆಯುತ್ತಾರೆ. ನಿಜವಾಗಿ ಬೆನ್ನುನೋವಿರುವ ನಿನ್ನಂಥವನಿಗೂ ಅದು ಇರಲಿ. ಕೆಳಗೆ ಒಂದೇ ಸಾಲು ಸೇರಿಸು: ವಿನಾಯಿತಿ ಪಡೆದ ಚಾಲಕನ ಗಾಡಿಗೆ ಸ್ಟೇಷನ್ ಸಾಲಿನಲ್ಲಿ ಜಾಗವಿಲ್ಲ.

ಅಕ್ಕ


ಜುಲೈ 2

ಅಕ್ಕಾ,

ನಿನ್ನೆ ಬರೆದು ಕೊಟ್ಟೆ. ಯಾರು ಸೇರಿಸಿದ್ದು, ಯಾವಾಗ, ಯಾಕೆ, ಎಲ್ಲ. ನಿನ್ನ ಸಾಲನ್ನು ಒಂದಕ್ಷರ ಬದಲಿಸದೆ ಇಟ್ಟಿದ್ದೇನೆ. ದೊಡ್ಡವರು ಈ ಸಲ ಕೊನೆಯವರೆಗೂ ಓದಿದರು.

ಜಾರಿಗೆ ಬರಲು ಎರಡು ತಿಂಗಳು ಬೇಕು. ಸೇತುವೆಯ ಮೇಲೆ ಎಡಗಡೆಯೇ ಹೋಗು. ಕುರ್ಚಿಯ ಹಿಂದೆ ಕೆಂಪು ಬಟ್ಟೆ ಕಟ್ಟು.

ಬಡ್ತಿಯ ವಿಷಯ ಇನ್ನೂ ಏನೂ ಗೊತ್ತಾಗಿಲ್ಲ.

ತಮ್ಮ


ಸೆಪ್ಟೆಂಬರ್ 4

ತಮ್ಮಾ,

ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಅಂತ ನಿನ್ನ ಹೆಂಡತಿ ಜುಲೈಯಲ್ಲೇ ಬರೆದಿದ್ದಳು. ನೀನೇ ಹೇಳುತ್ತೀಯ ಅಂತ ಕಾದೆ. ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಏನು ಮಾಡುವುದು? ನಿಂತು ಬರೆಯಲು ಎತ್ತರದ ಮೇಜು ಮಾಡಿಸಿಕೊಡಬೇಕೆಂದು ಈ ಸಲ ಅರ್ಜಿ ಕೊಡು. ಕೊಡದಿದ್ದರೆ ನಿನ್ನ ಪರವಾಗಿ ನಾನೇ ಬರೆಯುತ್ತೇನೆ.

ತಿದ್ದುಪಡಿ ಹೋದ ವಾರ ನೋಟಿಸ್ ಬೋರ್ಡಿಗೆ ಬಿತ್ತು. ನಾಲ್ಕು ದಿನದಲ್ಲಿ ಮೂವತ್ತೊಂಬತ್ತು ಜನ ನೀಲಿ ಚೀಟಿ ವಾಪಸ್ ಕೊಟ್ಟು, ಸಂಪೂರ್ಣ ಗುಣವಾಗಿದೆ ಅಂತ ಬರೆದುಕೊಟ್ಟರಂತೆ. ಆ ಡಾಕ್ಟರ ಕೈಗುಣ ದೊಡ್ಡದು. ಇಬ್ಬರು ಮಾತ್ರ ಚೀಟಿ ಇಟ್ಟುಕೊಂಡು ಬೇರೆ ಸ್ಟ್ಯಾಂಡಿಗೆ ಹೋದರು. ಒಬ್ಬನನ್ನು ನೋಡಿದೆ, ಗಾಡಿಯಿಂದ ಇಳಿಯುವಾಗ ಬಾಗಿಲು ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ. ಇಷ್ಟು ದಿನ ಅವನನ್ನೂ ಕಳ್ಳರ ಲೆಕ್ಕಕ್ಕೇ ಸೇರಿಸಿದ್ದೆ. ನಿನ್ನ ಸಾಲು ಅವನಿಗೆ ಬೇಕಿತ್ತು. ನನ್ನ ಸಾಲು ಅವನ ಜಾಗ ತಿಂದಿತು. ಅದಕ್ಕೇನು ಮಾಡಬಹುದು, ನೀನೂ ಯೋಚಿಸು, ನಾನೂ ಯೋಚಿಸುತ್ತೇನೆ.

ಇವತ್ತು ಬೆಳಗ್ಗೆ ಟ್ಯಾಕ್ಸಿಗೆ ಫೋನ್ ಮಾಡಿದೆ, ಬಂತು. ಬಂದವನು ಬೇರೆ ಯಾರೂ ಅಲ್ಲ, ಚಪ್ಪಲಿ ಒರೆಸಿದವನೇ, ಫ್ರಿಜ್ಜಿನವನೇ. ಮುಖ ಚರಂಡಿಗೆ ಬಗ್ಗಿದವನ ಹಾಗಿತ್ತು. ಹಲಗೆಯನ್ನು ಧಡಾರನೆ ಇಳಿಸಿದ. ನಾನೇ ಏರಿ ಕೂತೆ. ಮಂಡಿಯೂರಿ ಕೊಕ್ಕೆ ಹಾಕುತ್ತಾ, ತಲೆ ಎತ್ತದೆ ಕೇಳಿದ: “ಅಮ್ಮಾ, ನಮ್ ಮೇಲೆ ಯಾಕೆ ನಿಮಗಿಷ್ಟು ದ್ವೇಷ? ನಾವೂ ಹೊಟ್ಟೆಪಾಡಿಗೆ ಮಾಡೋದು.”

“ದ್ವೇಷ ಅಲ್ಲಪ್ಪ, ಹೇಸಿಗೆ,” ಅಂದೆ. “ಎಡಗಡೆ ಹಿಂದಿನ ಬೆಲ್ಟು ಸಡಿಲ ಇದೆ. ಬಿಗಿ ಮಾಡು.”

ಮಾಡಿದ. ಒಂಬತ್ತಕ್ಕೇ ಅಂಗಡಿ ತೆಗೆದೆ.

ಅಕ್ಕ